ಮರಣಶಾಸನದಲ್ಲಿ ಹಳೆಯ ಗುಡಿಗೊಂದು ಸಾಲು

ಉಯಿಲಿಗೆ ನಮ್ಮಲ್ಲಿ ಇನ್ನೊಂದು ಹೆಸರಿದೆ: ಮರಣಶಾಸನ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರೊಳಗಿನ ‘ಶಾಸನ’ವನ್ನು ಸ್ವಲ್ಪ ಗಮನಿಸಿ. ಹಳೆಯ ಗುಡಿಗಳ ಅಂಗಳದಲ್ಲಿ ನಿಂತಿರುವ ದಾನಶಾಸನಗಳಲ್ಲಿ ಏನಿರುತ್ತದೆ? ಯಾರು ಕೊಟ್ಟರು, ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಭೂಮಿ, ಅದರ ನಾಲ್ಕು ಎಲ್ಲೆ ಯಾವುದು, ಯಾರ ಕೈಗೆ ಒಪ್ಪಿಸಿದರು, ಯಾವ ಖರ್ಚಿಗೆ. ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅಂದರೆ ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಮಾಡಲು. ಕೊನೆಗೊಂದು ಶಾಪ: ಈ ದಾನವನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ!

ನಿಮ್ಮ ಕಾಲಾನಂತರ ಒಂದಿಷ್ಟು ಹಣ ಹಳೆಯ ಗುಡಿಗೋ ಕೋಟೆಗೋ ಕಲ್ಯಾಣಿಗೋ ಹೋಗಲಿ ಅಂತ ಇದ್ದರೆ, ಬರೆಯುವ ಮಾದರಿ ಇದೇ. ಶಾಪದ ಬದಲು ಇಬ್ಬರು ಸಾಕ್ಷಿಗಳು ಬೇಕು, ಅಷ್ಟೇ.

ಮೊದಲು ಫಲಕ ಓದಿ

ಉದಾಹರಣೆಗೆ ಗದಗಿನ ಹತ್ತಿರದ ಲಕ್ಕುಂಡಿಯನ್ನೇ ತೆಗೆದುಕೊಳ್ಳೋಣ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಊರು. ಆ ಬಸದಿ, ಕಾಶಿವಿಶ್ವೇಶ್ವರ ಗುಡಿ ಎಲ್ಲ ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿವೆ. ಬೇರೆ ಊರಿನ ಗುಡಿ ರಾಜ್ಯ ಪುರಾತತ್ವ ಇಲಾಖೆಯದ್ದಿರಬಹುದು, ಮುಜರಾಯಿಯದ್ದಿರಬಹುದು, ಮಠದ್ದೋ ಮನೆತನದ್ದೋ ಇರಬಹುದು. ಯಾರದ್ದು ಅಂತ ಗುಡಿಯ ಮುಂದಿನ ಫಲಕ ಓದಿ ತಿಳಿದುಕೊಳ್ಳದೆ ಉಯಿಲು ಬರೆದರೆ ಹಣ ನಡುದಾರಿಯಲ್ಲಿ ನಿಲ್ಲುತ್ತದೆ.

ಯಾಕೆಂದರೆ ‘ಲಕ್ಕುಂಡಿಯ ಸ್ಮಾರಕಗಳಿಗೆ’ ಅಂತಷ್ಟೇ ಬರೆದರೆ ಹಣ ತೆಗೆದುಕೊಳ್ಳುವವರು ಯಾರು? ಪ್ರತಿಷ್ಠೆಯಾದ ದೇವರನ್ನು ನಮ್ಮ ಕಾನೂನು ಒಬ್ಬ ವ್ಯಕ್ತಿಯಂತೆ ನೋಡುತ್ತದೆ, ದೇವರ ಹೆಸರಲ್ಲಿ ಆಸ್ತಿ ಇರಬಹುದು. ಕೋಟೆ, ಬಾವಿ, ಪಾಳುಮಂಟಪಕ್ಕೆ ಆ ಭಾಗ್ಯ ಇಲ್ಲ. ಆದ್ದರಿಂದ ಒಂದು ಸಂಸ್ಥೆಯ ಹೆಸರು ಬೇಕೇ ಬೇಕು.

ಇಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿ 1996ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಕೃತಿ ನಿಧಿ. ಇಂಥ ಸ್ಮಾರಕಕ್ಕೆ ಅಂತ ಹೆಸರಿಸಿ ಇದಕ್ಕೆ ಹಣ ಕೊಡಬಹುದು. ಇನ್ನೊಂದು, ಪರಂಪರೆಯ ಕೆಲಸ ಮಾಡುವ ನೋಂದಾಯಿತ ಟ್ರಸ್ಟು ಅಥವಾ ಸಂಘ. 1984ರಲ್ಲಿ ಹುಟ್ಟಿದ ಇಂಟ್ಯಾಕ್ ಇದೆ, ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಇದೆ. ಯಾವುದೇ ಇರಲಿ, ಮೊದಲು ಪತ್ರ ಬರೆದು ಕೇಳಿ: ಉಯಿಲಿನ ಹಣ ತೆಗೆದುಕೊಳ್ಳುತ್ತೀರಾ, ಇಂಥ ಜಾಗಕ್ಕೇ ಅಂದರೆ ಒಪ್ಪುತ್ತೀರಾ? ಟ್ರಸ್ಟಿನ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ಬರೆದಿಟ್ಟುಕೊಳ್ಳಿ. ಊರಿನ ನಾಲ್ಕು ಜನ ನಿನ್ನೆ ಮೊನ್ನೆ ಮಾಡಿಕೊಂಡ ಸಮಿತಿಗೆ ಬರೆಯುವುದು ನನಗಂತೂ ಇಷ್ಟವಿಲ್ಲ. ನಿಮ್ಮ ಉಯಿಲು ತೆರೆಯುವ ಹೊತ್ತಿಗೆ ಆ ಸಮಿತಿ ಇರಬೇಕಲ್ಲ?

ಎಷ್ಟು, ಯಾವುದರಿಂದ

ಸ್ವಂತ ದುಡಿಮೆಯ ಆಸ್ತಿಯನ್ನು ಇಷ್ಟ ಬಂದವರಿಗೆ ಬರೆಯಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ನಿಮ್ಮ ಪಾಲಿನ ಮಟ್ಟಿಗೆ ಮಾತ್ರ. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಯಿಲು ಮಾಡುವಂತಿಲ್ಲ. ಕ್ರೈಸ್ತರಿಗೆ ಧರ್ಮಕಾರ್ಯಕ್ಕೆ ಬರೆಯುವಾಗ ಇದ್ದ ಹಳೆಯ ಕಟ್ಟುಪಾಡನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿತು.

‘ಐದು ಲಕ್ಷ’ ಅಂತ ಬರೆಯುವುದಕ್ಕಿಂತ ‘ನೂರಕ್ಕೆ ಇಷ್ಟು’ ಅಂತ ಬರೆಯುವುದು ಮೇಲು. ಇಪ್ಪತ್ತು ವರ್ಷದ ನಂತರ ಐದು ಲಕ್ಷಕ್ಕೆ ಏನು ಬರುತ್ತದೋ ಯಾರು ಬಲ್ಲರು? ಬ್ಯಾಂಕ್ ಠೇವಣಿಯನ್ನೇ ಕೊಡುವುದಾದರೆ ನಾಮಿನಿ ಯಾರು ಅಂತ ನೋಡಿಕೊಳ್ಳಿ. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ. ಉಯಿಲಿನ ಪ್ರಕಾರ ಅದು ಟ್ರಸ್ಟಿಗೆ ಸೇರಬೇಕಾದದ್ದು. ಅಲ್ಲಿಂದಲೇ ಜಗಳ ಶುರು.

ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ಬದುಕಿರುವಾಗಲೇ ಕೊಡಬೇಕು. ನಮ್ಮಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ರದ್ದಾಗಿದೆ, ಹಾಗಾಗಿ ಉಯಿಲಿನ ದಾನದಿಂದ ಉಳಿತಾಯವೇನೂ ಇಲ್ಲ. ವಿದೇಶಿ ಪೌರತ್ವ ಪಡೆದ ಕನ್ನಡಿಗರಿಗೆ ಇನ್ನೊಂದು ಮಾತು: ನಿಮ್ಮ ಹಣ ವಿದೇಶಿ ದೇಣಿಗೆ ಅನಿಸಿಕೊಳ್ಳುತ್ತದೆ. ಅದನ್ನು ಪಡೆಯಲು ಅನುಮತಿ ಇರುವ ಟ್ರಸ್ಟನ್ನೇ ಆರಿಸಿ.

ಆ ಒಂದು ಸಾಲು

ಇಡೀ ಕೆಲಸದ ಜೀವ ಇಲ್ಲಿದೆ. ‘ನನ್ನ ಹಣದಲ್ಲಿ ಗುಡಿಯ ಮುಂದೆ ಅಮ್ಮನ ಹೆಸರಲ್ಲಿ ಒಂದು ಮಂಟಪ ಕಟ್ಟಿಸತಕ್ಕದ್ದು’ ಅಂತ ಬರೆದಿರಿ ಅನ್ನಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಹೋಯಿತಲ್ಲ ನಿಮ್ಮ ಆಸೆ! ತೀರಾ ಸಡಿಲವಾಗಿ ಬರೆದರೂ ಕಷ್ಟ. ಜೀರ್ಣೋದ್ಧಾರ ಅಂದರೆ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್, ನವರಂಗಕ್ಕೆ ಟೈಲ್ಸ್ ಅಂತ ತಿಳಿದವರು ಊರೂರಲ್ಲಿ ಇದ್ದಾರೆ.

ಹೀಗೆ ಬರೆಯಬಹುದು: ‘ಸಾಲ, ಖರ್ಚು ಕಳೆದು ಉಳಿದ ನನ್ನ ಆಸ್ತಿಯಲ್ಲಿ ನೂರಕ್ಕೆ 10 ಭಾಗವನ್ನು ರಾಷ್ಟ್ರೀಯ ಸಂಸ್ಕೃತಿ ನಿಧಿಗೆ, ಲಕ್ಕುಂಡಿಯ ಸ್ಮಾರಕಗಳ ಸಂರಕ್ಷಣೆಗೆಂದು ಕೊಡುತ್ತೇನೆ. ಆಗ ಅಲ್ಲಿ ಕೆಲಸ ಇಲ್ಲದಿದ್ದರೆ ಗದಗ ಜಿಲ್ಲೆಯ ಬೇರೆ ಸ್ಮಾರಕಕ್ಕೆ ಬಳಸಲಿ. ಈ ನಿಧಿಯೇ ಇಲ್ಲವಾಗಿದ್ದರೆ ಅದರ ಕೆಲಸ ವಹಿಸಿಕೊಂಡ ಸಂಸ್ಥೆಗೆ ಸೇರಲಿ.’ ಟ್ರಸ್ಟಿಗೆ ಬರೆಯುವುದಾದರೆ ‘ಬಣ್ಣ, ಟೈಲ್ಸ್, ಹೊಸ ಕಟ್ಟಡಕ್ಕೆ ಬಳಸಬಾರದು’ ಅಂತಲೂ ಸೇರಿಸಿ. ಕೊನೆಯ ರೂಪ ಕೊಡುವ ಮೊದಲು ವಕೀಲರಿಗೆ ತೋರಿಸಿ.

ಸಹಿ, ಸಾಕ್ಷಿ

ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಬೇಕು. ಒಳಗೇನಿದೆ ಅಂತ ಅವರು ಓದಬೇಕಿಲ್ಲ. ನಿಮಗಿಂತ ಚಿಕ್ಕವರಾದರೆ ಒಳ್ಳೆಯದು. ಟ್ರಸ್ಟಿನವರನ್ನೇ ಸಾಕ್ಷಿಗೆ ಕೂರಿಸಬೇಡಿ. ಉಯಿಲು ಜಾರಿಗೆ ತರಲು ಒಬ್ಬರನ್ನು ಹೆಸರಿಸಿ. ಎಕ್ಸಿಕ್ಯೂಟರ್ ಅನ್ನುತ್ತಾರಲ್ಲ, ಅವರು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿಬಿಡಿ. ಮಕ್ಕಳಿಗೆ ಈಗಲೇ ಹೇಳಿ. ನೀವು ಹೋದಮೇಲೆ ಗೊತ್ತಾದರೆ ‘ಅಪ್ಪನಿಗೆ ಯಾರೋ ತಲೆ ಕೆಡಿಸಿದ್ದಾರೆ’ ಅನ್ನುವ ಮಾತು ಬರುತ್ತದೆ.

ಇನ್ನು ಮೂಲ ಪತ್ರ. ಒಬ್ಬರ ಹೆಸರಲ್ಲಷ್ಟೇ ಇರುವ ಲಾಕರಿನಲ್ಲಿ ಇಡಬೇಡಿ, ಅದನ್ನು ತೆರೆಸಲು ಆ ಪತ್ರವನ್ನೇ ಕೇಳಿದರೆ ಮನೆಯವರು ಏನು ಮಾಡಬೇಕು? ಲಕೋಟೆಯಲ್ಲಿ ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಎಕ್ಸಿಕ್ಯೂಟರ್ ಕೈಯಲ್ಲೊಂದು ಜೆರಾಕ್ಸ್ ಇರಲಿ.