ಕೋಚ್ ಮಾತು ನಂಬಿ ಕಾಲೇಜು ಆರಿಸುವ ಮುನ್ನ

ಬ್ರಯಾನ್ ಓಕಾನರ್ 2004ರಿಂದ 2025ರವರೆಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದ ಮುಖ್ಯ ಕೋಚ್ ಆಗಿದ್ದರು. ತಂಡವನ್ನು ಏಳು ಸಲ ಒಮಾಹಾದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸ್‌ಗೆ, ಅಂದರೆ ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಅಂತಿಮ ಟೂರ್ನಿಗೆ, ಕರೆದೊಯ್ದರು, 2015ರಲ್ಲಿ ಕಪ್ ಗೆದ್ದರು. 2025ರ ಜೂನ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ ಕರೆಯಿತು, ಹೋದರು. ಅವರ ಜಾಗಕ್ಕೆ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ಕ್ರಿಸ್ ಪೊಲ್ಲಾರ್ಡ್ ಬಂದರು. ಡ್ಯೂಕ್‌ನವರು ಹೊಸಬರನ್ನು ಹುಡುಕಬೇಕಾಯಿತು. ಒಬ್ಬರು ಎದ್ದು ಹೋಗಿದ್ದಕ್ಕೆ ಮೂರು ಕ್ಯಾಂಪಸ್‌ಗಳ ಹುಡುಗರ ಲೆಕ್ಕಾಚಾರ ತಲೆಕೆಳಗಾಯಿತು.

ಮಗ ಹೈಸ್ಕೂಲಿನಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) ಆಗಿರುವ ಅಮೆರಿಕದ ಕನ್ನಡದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರೂರು ಸುತ್ತಿ ಆಡುವ ಟ್ರಾವೆಲ್ ಬಾಲ್ ಖರ್ಚು, ಕೋಚ್‌ಗಳ ಮುಂದೆ ಆಟ ತೋರಿಸುವ ಶೋಕೇಸ್‌ಗಳ ಓಡಾಟ ಎಲ್ಲ ನಿಮಗೆ ಗೊತ್ತೇ ಇದೆ. ಕೋಚ್ ಬಾಯಿಮಾತಿಗೆ ಎಷ್ಟು ಬೆಲೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ಅದೇ ಹಳ್ಳಕ್ಕೆ ಬೀಳುವುದನ್ನು ನೋಡಿ ಸಂಕಟವಾಗುತ್ತದೆ.

ಮೊದಲು ಕೋಚ್‌ಗಳ ದಾರಿ ಹೇಗಿರುತ್ತದೆ ನೋಡಿ. ಓಕಾನರ್ ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ಪಿಚರ್ ಆಗಿದ್ದರು. 1991ರಲ್ಲಿ ಆ ತಂಡದ ಜೊತೆ ಕಾಲೇಜ್ ವರ್ಲ್ಡ್ ಸೀರೀಸ್ ಆಡಿದರು. 1993ರಲ್ಲಿ ಫಿಲಡೆಲ್ಫಿಯಾ ಫಿಲ್ಲೀಸ್ ಅನ್ನುವ ವೃತ್ತಿಪರ ತಂಡ ಆರಿಸಿಕೊಂಡಿತು, ಆದರೆ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ವರೆಗೆ ಹೋಗಲಿಲ್ಲ. ಆಮೇಲೆ ಪಿಚಿಂಗ್ ಕೋಚ್ ಆದರು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಪಾಲ್ ಮೈನಿಯೇರಿ ಕೈಕೆಳಗೆ ವರ್ಷಗಟ್ಟಲೆ ದುಡಿದು, ನಂತರ ವರ್ಜೀನಿಯಾಕ್ಕೆ ಬಂದರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ವೃತ್ತಿ ಇದು. ಇನ್ನೊಂದು ಮೆಟ್ಟಿಲು ಕಂಡರೆ ಅವರು ಹತ್ತುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಪಿಚರ್ ಆಗಿದ್ದವರು ಕೋಚ್ ಆದರೆ ಏನು ಲಾಭ ಅಂತ ನೋಡಬೇಕಾದರೆ 2015ರ ಫೈನಲ್ ನೋಡಿ. ನೇಥನ್ ಕರ್ಬಿ ಅನ್ನುವ ವರ್ಜೀನಿಯಾದ ಪಿಚರ್ ಹಿಂದಿನ ವರ್ಷದ ಫೈನಲ್‌ನ ಮೊದಲ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟ್ ಎದುರು ಮೂರನೇ ಇನಿಂಗ್ಸ್‌ನಲ್ಲೇ ಕುಸಿದಿದ್ದ. ಆ ಒಂದೇ ಇನಿಂಗ್ಸ್‌ನಲ್ಲಿ 9 ರನ್ ಹೋಗಿತ್ತು, ವರ್ಜೀನಿಯಾ 9-8ರಲ್ಲಿ ಸೋತಿತು. ಮರುವರ್ಷ ಗಾಯವಾಗಿ ಹೊರಗಿದ್ದು ವಾಪಸ್ ಬಂದಿದ್ದ. ಮತ್ತೆ ಅದೇ ಎದುರಾಳಿ, ಕಪ್ ನಿರ್ಧಾರವಾಗುವ ಮೂರನೇ ಪಂದ್ಯ. ಬ್ರ್ಯಾಂಡನ್ ವಾಡೆಲ್ ಏಳು ಇನಿಂಗ್ಸ್ ಎಸೆದ ಮೇಲೆ ಕೊನೆಯ ಎರಡು ಇನಿಂಗ್ಸ್‌ಗೆ ಓಕಾನರ್ ಚೆಂಡು ಕೊಟ್ಟಿದ್ದು ಕರ್ಬಿಗೇ. 4-2ರಲ್ಲಿ ಗೆದ್ದರು. ಒಬ್ಬ ಪಿಚರ್‌ನ ಮನಸ್ಸನ್ನೂ ತೋಳನ್ನೂ ಓದಬಲ್ಲವರಿಗೇ ಇಂಥ ಧೈರ್ಯ ಬರುತ್ತದೆ ಅಂತ ನನ್ನ ನಂಬಿಕೆ. ಅಂಥವರ ಕೈಕೆಳಗೆ ಮಗ ಆಡಲಿ ಅಂತ ಆಸೆಪಡುವುದು ಸಹಜ.

ಹಳ್ಳ ಇರುವುದೂ ಅಲ್ಲೇ. ನಿಯಮದ ಪ್ರಕಾರ 11ನೇ ತರಗತಿ ಶುರುವಾಗುವ ಮುಂಚಿನ ಆಗಸ್ಟ್ 1ರ ತನಕ ಡಿವಿಷನ್ 1 (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕೋಚ್‌ಗಳು ಹುಡುಗನಿಗೆ ಫೋನ್ ಮಾಡುವಂತಿಲ್ಲ. ಆಮೇಲೆ ಕರೆ ಬರುತ್ತದೆ, 'ನಮ್ಮಲ್ಲಿಗೆ ಬಾ' ಅನ್ನುತ್ತಾರೆ, ಹುಡುಗ ಹೂಂ ಅನ್ನುತ್ತಾನೆ. ಇದನ್ನೇ ವರ್ಬಲ್ ಕಮಿಟ್ ಅನ್ನುವುದು. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಕೋಚ್ ಹೋದರೆ ಮಾತೂ ಅವರ ಜೊತೆಗೇ ಹೋಗುತ್ತದೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗ ಎಡಗೈ ಪಿಚರ್, ಓದಿನಲ್ಲೂ ಚುರುಕು. ಕಮಿಟ್ ಆದ ವಾರವೇ ಅಪ್ಪ ಎಲ್ಲರಿಗೂ ಸಿಹಿ ಹಂಚಿದರು, ಉಳಿದ ಕಾಲೇಜುಗಳಿಗೆ ಥ್ಯಾಂಕ್ಸ್ ಹೇಳಿ ಕೈಮುಗಿದರು. 12ನೇ ತರಗತಿಗೆ ಮುಂಚಿನ ಬೇಸಿಗೆಯಲ್ಲಿ ಕೋಚ್ ಬೇರೆ ಕಡೆ ಹೋದರು. ಹೊಸಬರು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ತಾಯಿ ನನಗೆ ಫೋನ್ ತೋರಿಸಿದರು. ಹುಡುಗ ಕಳಿಸಿದ ಮೆಸೇಜ್‌ಗಳು ಒಂದರ ಕೆಳಗೊಂದು ಸಾಲಾಗಿದ್ದವು. ಆ ಕಡೆಯಿಂದ 'ಸದ್ಯದಲ್ಲೇ ಮಾತಾಡೋಣ' ಅಂತ ಎರಡೇ ಉತ್ತರ. ಅಕ್ಟೋಬರ್ ಕೊನೆಗೆ ಜಾಗವಿಲ್ಲ ಅಂದರು. ಅಷ್ಟರಲ್ಲಿ ಬೇರೆ ತಂಡಗಳ ಜಾಗ ತುಂಬಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಓದಿನ ಕಡೆಯಿಂದ ಬಿತ್ತು. ಮೊದಲ ಸುತ್ತಿನ ಅರ್ಜಿಗಳ ನವೆಂಬರ್ 1ರ ಗಡುವಿಗೆ ಬೇರೆ ಯಾವ ಕಾಲೇಜಿಗೂ ಅರ್ಜಿ ತಯಾರಿರಲಿಲ್ಲ. ಅಂಕದ ಮೇಲೆ ಸಿಗುತ್ತಿದ್ದ ಮೆರಿಟ್ ಸ್ಕಾಲರ್‌ಶಿಪ್ ಪೂರ್ತಿ ಕೈತಪ್ಪಿತು. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಚಿಕ್ಕ ಮೊತ್ತವಲ್ಲ.

ಆದ್ದರಿಂದ ಕಮಿಟ್ ಆದ ಮೇಲೂ ಬೇರೆ ಕಾಲೇಜುಗಳಿಗೆ ಓದಿನ ಮೇಲೆ ಅರ್ಜಿ ಹಾಕಿ. ಇದು ಮೋಸವಲ್ಲ. ಕೋಚ್ ಕೂಡ ಹುಡುಗನಿಗೆ ಕಟ್ಟುಬಿದ್ದಿಲ್ಲ ಅಲ್ವಾ? ಆಟಗಾರ ಮತ್ತು ಕಾಲೇಜು ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅನ್ನುವ ಒಪ್ಪಂದಪತ್ರವನ್ನು 2024ರಲ್ಲೇ ರದ್ದು ಮಾಡಿದ್ದಾರೆ. ಈಗ ಸಹಿ ಹಾಕುವುದು ಕಾಲೇಜಿನ ಹಣಕಾಸು ನೆರವಿನ ಒಪ್ಪಂದಕ್ಕೆ. ಅದು ಒಂದು ವರ್ಷದ್ದೋ, ಹೆಚ್ಚು ವರ್ಷದ್ದೋ ಅಂತ ಓದಿ ನೋಡಿ. ಒಂದೇ ವರ್ಷದ್ದಾದರೆ ಮರುವರ್ಷ ನವೀಕರಣ ಮಾಡುವುದು ಹೊಸ ಕೋಚ್ ಕೈಯಲ್ಲಿರಬಹುದು.

ಫುಲ್ ಸ್ಕಾಲರ್‌ಶಿಪ್ ಕನಸು ಕಾಣುವವರಿಗೂ ಒಂದು ಮಾತು. ಮೊನ್ನೆಮೊನ್ನೆಯವರೆಗೆ ಒಂದು ಡಿವಿಷನ್ 1 ತಂಡಕ್ಕೆ ಇದ್ದಿದ್ದೇ 11.7 ಸ್ಕಾಲರ್‌ಶಿಪ್. ಅದನ್ನು ಹಲವು ಆಟಗಾರರಿಗೆ ಹಂಚುತ್ತಿದ್ದರು. 2025ರ ಹೌಸ್ ಒಪ್ಪಂದದ (ಕಾಲೇಜು ಆಟಗಾರರು ಹೂಡಿದ್ದ ಮೊಕದ್ದಮೆಯ ರಾಜಿ) ನಂತರ ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಯಿತು, ಆದರೆ ತಂಡದ ಗಾತ್ರ 40ರಿಂದ 34ಕ್ಕೆ ಇಳಿಯಿತು. ದುಡ್ಡು ಹೆಚ್ಚಿರಬಹುದು, ಜಾಗ ಕಮ್ಮಿ. ಐವಿ ಲೀಗ್‌ನಲ್ಲೂ ಡಿವಿಷನ್ 3ರಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ.

ಹಾಗಂತ ಈ ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಪಿಯುಸಿ ಬಂತೆಂದರೆ ಕ್ರಿಕೆಟ್ಟೋ ಸಿಇಟಿಯೋ ಅಂತ ಮನೆಯಲ್ಲಿ ಜಗಳ. ಇಲ್ಲಿ ಹುಡುಗ ನಾಲ್ಕು ವರ್ಷದ ಕಾಲೇಜು ಸೇರಿದರೆ ಸಾಮಾನ್ಯವಾಗಿ ಮೂರು ವರ್ಷ ಮುಗಿಯುವ ತನಕ ಅಥವಾ 21 ತುಂಬುವ ತನಕ ಮೇಜರ್ ಲೀಗ್ ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಅರ್ಹನಲ್ಲ. ಓದೂ ಆಟವೂ ಒಟ್ಟಿಗೆ ಸಾಗುತ್ತವೆ. ಈ ವಿಷಯದಲ್ಲಿ ಅಮೆರಿಕದ್ದೇ ಮೇಲು. ಆದರೆ ಹದಿನಾರರ ಹುಡುಗನ ಭವಿಷ್ಯ ಒಬ್ಬ ಕೋಚ್ ಇಷ್ಟಾನಿಷ್ಟದ ಮೇಲೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ವರ್ಜೀನಿಯಾದಲ್ಲಿ ಆಗಲೇ ಆಡುತ್ತಿದ್ದ ಕೆಲವರು ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಮೂಲಕ ಓಕಾನರ್ ಹಿಂದೆಯೇ ಹೋದರು. ಕಾಲೇಜು ಸೇರಿದವರಿಗೆ ಆ ಬಾಗಿಲಿದೆ. ಎಂಜಿನಿಯರಿಂಗ್ ಓದುವವನಿಗೆ ಮಾತ್ರ ಕ್ರೆಡಿಟ್‌ಗಳೆಲ್ಲ ಜೊತೆಗೆ ಬರುತ್ತವೆ ಅನ್ನುವ ಖಾತ್ರಿಯಿಲ್ಲ. ಹಾಗಾಗಿ ಕ್ಯಾಂಪಸ್ ನೋಡಲು ಹೋದಾಗ ಮಗನನ್ನು ಒಂದೇ ಪ್ರಶ್ನೆ ಕೇಳಿ: ನಾಳೆ ಈ ಕೋಚ್ ಇಲ್ಲದಿದ್ದರೂ, ಮೊಣಕೈ ಕೈಕೊಟ್ಟರೂ, ನೀನು ಇಲ್ಲೇ ಓದುತ್ತೀಯಾ?

ಮಕ್ಕಳು ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ) ಇರುವ ಮನೆಗಳು ಇನ್ನೂ ಹುಷಾರಾಗಿರಬೇಕು. ಅಂಥ ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ, 21 ತುಂಬಿದರೆ ಎಚ್-4 ಮುಗಿಯುತ್ತದೆ. ಈಗ ಕಾಲೇಜು ಆಟಗಾರರಿಗೆ ಜಾಹೀರಾತಿನ ದುಡ್ಡು, ಕಾಲೇಜಿನ ಆದಾಯದ ಪಾಲು ಎಲ್ಲ ಸಿಗುತ್ತಿದೆ. ಎಚ್-4ನಲ್ಲಾಗಲಿ ಎಫ್-1 ವಿದ್ಯಾರ್ಥಿ ವೀಸಾದಲ್ಲಾಗಲಿ ಆ ದುಡ್ಡು ಅನುಮತಿಯಿಲ್ಲದ ಕೆಲಸ ಅಂತ ಆಗುವ ಅಪಾಯವಿದೆ. ತಂಡದ ಗೆಳೆಯರೆಲ್ಲ ತಗೊಂಡರು ಅಂತ ಸುಮ್ನೆ ಸಹಿ ಹಾಕಿಸಬೇಡಿ. ಮೊದಲು ವಲಸೆ ವಕೀಲರಿಗೆ ಒಪ್ಪಂದ ತೋರಿಸಿ.