ಡಿವಿಡಿ ಡ್ರೈವ್ ಕಾಣಿಸ್ತಿಲ್ವಾ? ಹೊಸದು ತಗೊಳ್ಳೋ ಮುಂಚೆ ಇಷ್ಟು ನೋಡಿ

ದಿಸ್ ಪಿಸಿ ಓಪನ್ ಮಾಡ್ತಾರೆ, ಡಿವಿಡಿ ಡ್ರೈವ್ ಐಕಾನ್ ಇರಲ್ಲ, ಅಷ್ಟಕ್ಕೇ "ಡ್ರೈವ್ ಹೋಯ್ತು" ಅಂತ ತೀರ್ಮಾನ ಮಾಡಿ ಹೊಸದಕ್ಕೆ ಆರ್ಡರ್ ಹಾಕ್ಬಿಡ್ತಾರೆ. ಇನ್ನು ಕೆಲವರು ಸೀದಾ ವಿಂಡೋಸನ್ನೇ ಫಾರ್ಮ್ಯಾಟ್ ಹೊಡೀತಾರೆ. ಐಕಾನ್ ಅನ್ನೋದು ಎಲ್ಲಕ್ಕಿಂತ ಕೊನೇಲಿ ಬರೋದು ಕಣ್ರೀ. ಹುಡುಕೋದು ಕೆಳಗಿಂದ ಮೇಲಕ್ಕೆ ಹೋಗ್ಬೇಕು.

ಒಳಗೆ ನಡೆಯೋದು ಇಷ್ಟು. ಡ್ರೈವ್ ಕನೆಕ್ಟ್ ಆದ ತಕ್ಷಣ ಓಎಸ್ ಅದಕ್ಕೆ ಇನ್‌ಕ್ವೈರಿ ಅನ್ನೋ ಕಮಾಂಡ್ ಕಳಿಸುತ್ತೆ, ಅಂದ್ರೆ "ನೀನು ಯಾರು" ಅಂತ ಕೇಳುತ್ತೆ. ಕಂಪ್ಯೂಟರ್ ಒಳಗಿನ ಸಾಟಾ ಕೇಬಲ್ ಆಗ್ಲಿ ಯುಎಸ್‌ಬಿ ಆಗ್ಲಿ, ಒಳಗಿನ ಮಾತುಕತೆ ಸ್ಕಸಿ ಅನ್ನೋ ಹಳೇ ಸ್ಟೋರೇಜ್ ಸ್ಟ್ಯಾಂಡರ್ಡಿನ ಕಮಾಂಡ್‌ಗಳಲ್ಲೇ. ವಾಪಸ್ ಬಂದ ಉತ್ತರದಲ್ಲಿ ಡಿವೈಸ್ ಟೈಪ್ 5 ಅಂತಿದ್ರೆ ಅದು ಸಿಡಿ-ಡಿವಿಡಿ ಜಾತಿ. ಜೊತೆಗೆ ಕಂಪನಿ ಹೆಸರಿಗೆ 8 ಬೈಟ್, ಮಾಡೆಲ್‌ಗೆ 16, ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ವರ್ಷನ್‌ಗೆ 4 ಬೈಟ್ ಜಾಗ. ಆ 8 ಅಕ್ಷರದ ಇಕ್ಕಟ್ಟಲ್ಲಿ ತುರುಕಿದ ಹೆಸರೇ ನಿಮಗೆ ಕಾಣೋ ಹೆಚ್‌ಎಲ್-ಡಿಟಿ-ಎಸ್‌ಟಿ, ಅಂದ್ರೆ ಹಿಟಾಚಿ-ಎಲ್‌ಜಿ ಡೇಟಾ ಸ್ಟೋರೇಜ್. ಟಿಎಸ್‌ಎಸ್‌ಟಿಕಾರ್ಪ್ ಅಂದ್ರೆ ತೋಷಿಬಾ ಸ್ಯಾಮ್ಸಂಗ್. ಲ್ಯಾಪ್‌ಟಾಪ್ ಬ್ರ್ಯಾಂಡ್ ಒಂದು, ಇಲ್ಲಿ ತೋರಿಸೋ ಹೆಸರು ಇನ್ನೊಂದು ಅಂತ ಡೂಪ್ಲಿಕೇಟ್ ಹಾಕ್ಬಿಟ್ರು ಅಂದ್ಕೋಬೇಡಿ.

ಮೊದಲು: ಬಯಾಸ್‌ಗೆ (ಕಂಪ್ಯೂಟರ್ ಆನ್ ಆದಾಗ ವಿಂಡೋಸ್‌ಗಿಂತ ಮುಂಚೆ ತೆಗೆಯೋ ಸೆಟ್ಟಿಂಗ್ಸ್ ಪುಟ) ಹೋಗಿ ಡ್ರೈವ್ ಹೆಸರು ಇದ್ಯಾ ನೋಡಿ. ಇಲ್ಲ ಅಂದ್ರೆ ಕೇಬಲ್, ಇಲ್ಲಾ ಪೋರ್ಟ್, ಇಲ್ಲಾ ಡ್ರೈವ್. ವಿಂಡೋಸ್ ಮೇಲೆ ತಪ್ಪು ಹೊರಿಸ್ಬೇಡಿ.

ಎರಡನೇದು: ಡಿವೈಸ್ ಮ್ಯಾನೇಜರ್. ಅಲ್ಲಿ ಡಿವಿಡಿ/ಸಿಡಿ-ರಾಮ್ ಡ್ರೈವ್ಸ್ ಕೆಳಗೆ ಹೆಸರಿದೆ, ಆದ್ರೆ ಪಕ್ಕದಲ್ಲಿ ಹಳದಿ ತ್ರಿಕೋನ ಇದೆಯಾ? ಪ್ರಾಪರ್ಟೀಸ್ ತೆಗೆದು ಕೋಡ್ ನಂಬರ್ ಓದಿ. ಡ್ರೈವರ್ (ಡ್ರೈವನ್ನ ನಡೆಸೋ ಸಾಫ್ಟ್‌ವೇರ್) ಡೇಟ್ 2006 ಅಂತ ತೋರಿಸಿದ್ರೆ ಗಾಬರಿ ಬೇಡ, ಅದು ವಿಂಡೋಸ್ ಜೊತೆಗೇ ಬರೋ ಡ್ರೈವರ್, ಮೈಕ್ರೋಸಾಫ್ಟ್ ಬೇಕಂತಲೇ ಆ ಡೇಟ್ ಹಾಕಿರೋದು. "ಡ್ರೈವರ್ ಅಪ್ಡೇಟರ್" ಅಂತ ಬರೋ ಸಾಫ್ಟ್‌ವೇರ್‌ಗಳನ್ನ ಹತ್ತಿರಕ್ಕೂ ಸೇರಿಸ್ಬೇಡಿ, ದುಡ್ಡು ಕೇಳ್ತಾವೆ, ಇದಕ್ಕೆ ಹಾಕೋಕೆ ಬೇರೆ ಡ್ರೈವರ್ರೇ ಇಲ್ಲ.

ಮೂರನೇದು, ಎಲ್ರೂ ಎಡವೋ ಜಾಗ. ಕೋಡ್ 19 ಅಥವಾ 39 ಬಂದಿದ್ರೆ (31, 32, 41 ಆದ್ರೂ) ಮೊದಲ ಅನುಮಾನ ಫಿಲ್ಟರ್ ಮೇಲೆ, ಅಂದ್ರೆ ಮುಖ್ಯ ಡ್ರೈವರ್ ಜೊತೆ ಸೇರ್ಕೊಳ್ಳೋ ಇನ್ನೊಂದು ಸಣ್ಣ ಡ್ರೈವರ್. ಬರ್ನಿಂಗ್ ಸಾಫ್ಟ್‌ವೇರ್, ವರ್ಚುವಲ್ ಡ್ರೈವ್ ಸಾಫ್ಟ್‌ವೇರ್ ಇವೆಲ್ಲ ಡ್ರೈವರ್ ಮೇಲೊಂದು ಕೆಳಗೊಂದು ಫಿಲ್ಟರ್ ಸೇರಿಸಿರ್ತವೆ, ಅನ್‌ಇನ್‌ಸ್ಟಾಲ್ ಮಾಡಿದ್ಮೇಲೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ಜಾಗ) ಹೆಸರು ಮಾತ್ರ ಹಾಗೇ ಉಳ್ಕೊಳ್ಳುತ್ತೆ, ವಿಂಡೋಸ್ ಆ ಫೈಲ್ ಹುಡುಕಿ ಸಿಗದೇ ಇದ್ದಾಗ ಡ್ರೈವನ್ನೇ ಸ್ಟಾರ್ಟ್ ಮಾಡಲ್ಲ. ತೆಗೆಯೋದು ಸುಲಭ. ಆದ್ರೆ ತಪ್ಪು ಜಾಗದಲ್ಲಿ ತೆಗೆದ್ರೆ ಸಿಸ್ಟಮ್ ಬೂಟೇ ಆಗಲ್ಲ.

ರೆಜ್‌ಎಡಿಟ್ (ರಿಜಿಸ್ಟ್ರಿ ತೆಗೆಯೋ ಟೂಲ್) ಓಪನ್ ಮಾಡಿ, ಹೆಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್, ಹೀಗೆ ಇಳೀರಿ. ಅಲ್ಲಿ ಉದ್ದುದ್ದ ನಂಬರ್‌ಗಳ ಸಾಲೇ ಇರುತ್ತೆ, ಬಹುತೇಕ ಒಂದೇ ಥರ. ನಿಮಗೆ ಬೇಕಾದ್ದು 4ಡಿ36ಇ965 ಅಂತ ಶುರುವಾಗೋದು. ಎರಡು ಸಾಲು ಕೆಳಗಿರೋ 967 ಹಾರ್ಡ್ ಡಿಸ್ಕ್‌ದು, ಅಲ್ಲೂ ಅಪ್ಪರ್‌ಫಿಲ್ಟರ್ಸ್ ಅಂತಲೇ ಇರುತ್ತೆ, ಅದರೊಳಗೆ ಪಾರ್ಟ್‌ಎಂಜಿಆರ್ ಅಂತಿರುತ್ತೆ, ಅದನ್ನ ಡಿಲೀಟ್ ಮಾಡಿದ್ರೆ ಮುಂದಿನ ಸಲ ನೀಲಿ ಸ್ಕ್ರೀನೇ ಗತಿ. ಅದಕ್ಕೇ 965ರ ಕೀ (ಎಡಗಡೆ ಕಾಣೋ ಫೋಲ್ಡರ್) ಸೆಲೆಕ್ಟ್ ಮಾಡಿದ್ಮೇಲೆ ಬಲಗಡೆ ಕ್ಲಾಸ್ ಅನ್ನೋ ಸಾಲಲ್ಲಿ ಸಿಡಿರಾಮ್ ಅಂತ ಬರೆದಿದ್ಯಾ ಕಣ್ಣಾರೆ ನೋಡಿ. ಆಮೇಲೆ ಆ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ, ಇದನ್ನ ಬಿಟ್ಟು ಮುಂದಕ್ಕೆ ಹೋಗ್ಲೇಬೇಡಿ. ಈಗ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎರಡು ವ್ಯಾಲ್ಯೂ ಮಾತ್ರ ಡಿಲೀಟ್ ಮಾಡಿ. ಎಡಗಡೆಯ ಕೀ ಅಲ್ಲ! ಒಂದೇ ಇದ್ರೆ ಒಂದೇ. ಕೊನೇಲಿ ಬಿಎಕೆ ಅಂತಿರೋದನ್ನ ಮುಟ್ಬೇಡಿ. ರೀಸ್ಟಾರ್ಟ್. ಬರ್ನಿಂಗ್ ಸಾಫ್ಟ್‌ವೇರ್ ಮುನಿಸ್ಕೊಂಡ್ರೆ ಅದನ್ನ ಮತ್ತೆ ಇನ್‌ಸ್ಟಾಲ್ ಮಾಡ್ಕೊಳ್ಳಿ.

ಡಿವೈಸ್ ಮ್ಯಾನೇಜರಲ್ಲಿ ಎಲ್ಲಾ ಸರಿ ಇದ್ದೂ ಐಕಾನ್ ಇಲ್ವಾ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಡ್ರೈವ್ ಲೆಟರ್ ಕೊಡಿ, ಮುಗೀತು.

ಯುಎಸ್‌ಬಿ ಡ್ರೈವ್ ಇಟ್ಕೊಂಡವರಿಗೆ ಒಂದ್ಮಾತು. ಹೆಸರು ಬರುತ್ತೆ, ಡಿಸ್ಕ್ ಹಾಕಿ ತಿರುಗೋಕೆ ಶುರುವಾದ ತಕ್ಷಣ ಮಾಯ ಆಗುತ್ತೆ ಅಂದ್ರೆ ಸಾಮಾನ್ಯವಾಗಿ ಕರೆಂಟ್ ಸಾಲ್ತಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, ತಿರುಗೋಕೆ ಶುರುವಾದಾಗ ಮೋಟರ್ ಅದಕ್ಕಿಂತ ಜಾಸ್ತಿ ಎಳೀಬಹುದು. ಪವರ್ ಇಲ್ಲದ ಹಬ್ ಎಸೆದು ನೇರವಾಗಿ ಚುಚ್ಚಿ. ಇನ್ನೊಂದು, ಲಿಸ್ಟಲ್ಲಿ ನಿಮ್ಮ ಹತ್ರ ಇಲ್ಲದೇ ಇರೋ ಡ್ರೈವ್ ಕಂಡ್ರೆ ಅದು ವರ್ಚುವಲ್ ಡ್ರೈವ್ ಇರ್ಬಹುದು, ಐಎಸ್‌ಓ (ಇಡೀ ಡಿಸ್ಕಿನ ನಕಲಿರೋ ಫೈಲ್) ಮೌಂಟ್ ಮಾಡಿದ್ರೂ ವಿಂಡೋಸ್ ಅದನ್ನ ಡಿವಿಡಿ ಡ್ರೈವ್ ಅಂತಲೇ ತೋರಿಸುತ್ತೆ.

ಲಿನಕ್ಸಲ್ಲಿ ಈ ರಗಳೆ ಕಮ್ಮಿ. ಟರ್ಮಿನಲಲ್ಲಿ ಎಲ್‌ಎಸ್‌ಬಿಎಲ್‌ಕೆ ಅನ್ನೋ ಕಮಾಂಡ್ ಹೊಡೆದ್ರೆ ಎಸ್‌ಆರ್0, ಟೈಪ್ ರಾಮ್ ಅಂತ ಬರುತ್ತೆ. ಖಾಲಿ ಡ್ರೈವಿಗೂ 1024ಎಂ ಅಂತ ಸೈಜ್ ತೋರಿಸುತ್ತೆ, ಅದನ್ನ ನಂಬಿ ಡಿಸ್ಕ್ ಇದೆ ಅಂದ್ಕೋಬೇಡಿ. ಹೆಸರು, ಮಾಡೆಲ್ ಬೇಕಂದ್ರೆ ಎಲ್‌ಎಸ್‌ಸ್ಕಸಿ. ಮ್ಯಾಕಲ್ಲಿ ಟರ್ಮಿನಲ್ ತೆಗೆದು ಡಿಆರ್‌ಯುಟಿಲ್ ಲಿಸ್ಟ್ ಅನ್ನಿ. ಡಿಸ್ಕ್‌ಯುಟಿಲ್ ಬೇಡ, ಡಿಸ್ಕ್ ಹಾಕದೇ ಇದ್ರೆ ಅದರಲ್ಲಿ ಡ್ರೈವೇ ಕಾಣಲ್ಲ.

ಇಷ್ಟಾಗಿಯೂ "ಡಿವೈಸ್ ಈಸ್ ವರ್ಕಿಂಗ್ ಪ್ರಾಪರ್ಲಿ" ಅಂತ ಬಂದು ಡಿಸ್ಕ್ ಮಾತ್ರ ಓದ್ತಿಲ್ಲ ಅಂದ್ರೆ ಅದು ಬೇರೆ ಕಾಯಿಲೆ. ಹೆಸರು ಹೇಳೋದು ಡ್ರೈವ್ ಒಳಗಿನ ಚಿಪ್, ಓದೋದು ಲೇಸರ್. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಎರಡೂ ಬೇರೆ ಬೇರೆ. ಹಾಗಾಗಿ ಸಿಡಿ ಓದಿ ಡಿವಿಡಿ ಓದದೇ ಇರೋ ಡ್ರೈವ್ ಕೂಡ ಲಿಸ್ಟಲ್ಲಿ ಆರೋಗ್ಯವಾಗೇ ಕಾಣುತ್ತೆ. ಲೆನ್ಸ್ ಒರೆಸಿ ನೋಡಿ, ಆಗ್ಲಿಲ್ಲ ಅಂದ್ರೆ ಈಗ ಧಾರಾಳವಾಗಿ ಆರ್ಡರ್ ಹಾಕಿ.