ಚೀಟಿ ನೋಡಿ ಬಿಡಿಸಿದ ಏಳು ನಿಮಿಷ: ನನ್ನ ಅನುಭವ

ಕೈಯಲ್ಲಿ ಬಿಡಿಸಿದ ನನ್ನ ಏಳು ನಿಮಿಷದ ಅನಿಮೇಷನ್ ಚಿತ್ರ ಮುಗಿದಿದೆ. ಕೊನೆಯಲ್ಲಿ ಹೆಸರು ಬರುವ ಕಾರ್ಡಿನ ತನಕ, ಪೂರ್ತಿ. ಏನನ್ನು ಹೇಗೆ ಬಿಡಿಸಬೇಕು ಅಂತ ವಾರಕ್ಕೊಮ್ಮೆ ಚೀಟಿ ಬರೆದಿಟ್ಟುಕೊಂಡು, ಉಳಿದ ದಿನ ಆ ಚೀಟಿ ನೋಡಿಯೇ ಬಿಡಿಸುತ್ತೇನೆ ಅಂದಾಗ "ಹಾಗೆ ಮಾಡಿದ್ರೆ ಚಿತ್ರದಲ್ಲಿ ಜೀವವೇ ಇರಲ್ಲ" ಅಂದವರು ಬಹಳ ಜನ. ಇದು ಗುಮಾಸ್ತರ ಕೆಲಸ ಅಂತಲೂ ಒಬ್ಬರು ಅಂದರು. ಅವರಲ್ಲಿ ಇಬ್ಬರು ಈಗ ಚೀಟಿ ಹೇಗೆ ಬರೆಯಬೇಕು ಅಂತ ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಲೈಟ್‌ಬಾಕ್ಸ್ (ಕಾಗದದ ಕೆಳಗಿಂದ ಬೆಳಕು ಕೊಡುವ ಪೆಟ್ಟಿಗೆ), ಪೆಗ್ ಬಾರ್ (ಕಾಗದ ಅಲುಗದಂತೆ ಹಿಡಿಯುವ ಪಟ್ಟಿ), ಎಕ್ಸ್-ಶೀಟ್ (ಯಾವ ಫ್ರೇಮಿಗೆ ಯಾವ ಚಿತ್ರ ಅಂತ ಬರೆಯುವ ಹಾಳೆ), ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಹೋಗುವುದಿಲ್ಲ. ಲೆಕ್ಕವೂ ಸರಳ. ಸೆಕೆಂಡಿಗೆ 24 ಫ್ರೇಮ್. ಎರಡು ಫ್ರೇಮಿಗೆ ಒಂದು ಚಿತ್ರ ಅಂದರೂ 12. ಏಳು ನಿಮಿಷಕ್ಕೆ 5,000 ದಾಟುತ್ತದೆ. ಈ ಸಂಖ್ಯೆ ನೋಡಿಯೇ ಎಷ್ಟೋ ಜನ ಕೈ ಬಿಡುತ್ತಾರೆ. ನನಗೆ ಸಂಖ್ಯೆಯ ಭಯ ಇರಲಿಲ್ಲ.

ಕಥೆ ನಮ್ಮ ಅಪ್ಪನದು. ಅವರ ನೆನಪುಗಳು ಒಂದೊಂದಾಗಿ ಹೋಗುತ್ತಿರುವುದರ ಬಗ್ಗೆ. ಸ್ಟೋರಿಬೋರ್ಡ್, ಅಂದರೆ ಇಡೀ ಕಥೆಯನ್ನು ಸಾಲು ಚಿತ್ರಗಳಲ್ಲಿ ಗೀಚಿಟ್ಟ ನಕ್ಷೆ, ಕೆಲವೇ ವಾರಗಳಲ್ಲಿ ಆಗಿತ್ತು. ಆಮೇಲೆ ಮೂರು ವರ್ಷದ ಹತ್ತಿರ ಕಳೆಯಿತು. ಕೈಯಲ್ಲಿದ್ದದ್ದು 40 ಸೆಕೆಂಡು ಇರಬಹುದು. ದಿನಾ ಮೇಜಿನ ಮುಂದೆ ಕೂರುತ್ತಿದ್ದೆ. ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಕಾಗದ ಜೋಡಿಸುತ್ತಿದ್ದೆ, ಹಳೆಯ ಶಾಟನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆ. ಹೊತ್ತು ಹೋಗುತ್ತಿತ್ತು. ಮನೆಯವರು ಸೋಮಾರಿತನ ಅಂದುಕೊಂಡರು. ಆದರೆ ಸೋಮಾರಿಗೆ ಎದೆ ಹೊಡೆದುಕೊಳ್ಳುವುದಿಲ್ಲ ಅಲ್ವಾ? ನನಗೆ ಹೊಡೆದುಕೊಳ್ಳುತ್ತಿತ್ತು.

ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಮೊದಲು ಹೇಳಿಬಿಡುತ್ತೇನೆ, ನಿಮ್ಮದಾದರೂ ಉಳಿಯಲಿ. ಸ್ಕ್ರೀನ್ ಮೇಲೇ ಬಿಡಿಸುವ ದೊಡ್ಡ ಟ್ಯಾಬ್ಲೆಟ್ ತಗೊಂಡೆ. ಹತ್ತಿರ ಹತ್ತಿರ ಎರಡು ತಿಂಗಳ ಸಂಪಾದನೆ. ಅದರಲ್ಲಿ ಅನ್‌ಡೂ ಇದೆ ಅನ್ನುವುದೇ ತೊಂದರೆಯಾಯಿತು. ಒಂದು ಗೆರೆ ಎಳೆದು ಹತ್ತು ಸಲ ವಾಪಸ್ ಹೋಗುತ್ತಿದ್ದೆ. ವರ್ಷದೊಳಗೆ ಅರ್ಧ ಬೆಲೆಗೆ ಮಾರಿದೆ. ಆಮೇಲೆ ಸಂಬಳವಿಲ್ಲದ ರಜೆ ಹಾಕಿ ಮೂರು ತಿಂಗಳು ಮನೆಯಲ್ಲಿ ಕೂತೆ. ಉಳಿತಾಯದ ಮುಕ್ಕಾಲು ಪಾಲು ಕರಗಿತು, ಬಂದದ್ದು ಆರೇಳು ಸೆಕೆಂಡಿನ ಚಿತ್ರ. ಇಡೀ ದಿನ ಬಿಡುವಿದ್ದರೆ ಸಂಜೆಗೆ ತಳ್ಳಬಹುದು, ಸಂಜೆಯಿಂದ ನಾಳೆಗೆ ತಳ್ಳಬಹುದು. ರಜೆ ಕೊಟ್ಟದ್ದು ಆ ಅನುಕೂಲವನ್ನು ಮಾತ್ರ.

ಗೆಳತಿಯೊಬ್ಬಳ ಜೊತೆ ದಂಡದ ಕರಾರೂ ಮಾಡಿಕೊಂಡೆ. ವಾರಕ್ಕೆ 30 ಚಿತ್ರ ಆಗದಿದ್ದರೆ ಅವಳಿಗೆ ದುಡ್ಡು ಕೊಡಬೇಕು. ಮೊದಮೊದಲು ನಡೆಯಿತು. ಆಮೇಲೆ ಬಿಡಿಸುವುದಕ್ಕಿಂತ ದಂಡ ಕೊಡುವುದೇ ಸುಲಭ ಅನಿಸಿತು. ಕೊಟ್ಟ ಮೇಲೆ ಮನಸ್ಸೂ ಹಗುರ. ಇಸ್ರೇಲಿನ ಹೈಫಾದ ಡೇ ಕೇರ್‌ಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಗಿದೆ. ಮಕ್ಕಳನ್ನು ಕರೆದೊಯ್ಯಲು ತಡ ಮಾಡುವ ಪೋಷಕರಿಗೆ ದಂಡ ಹಾಕಿದರು. ತಡ ಮಾಡುವವರು ಇನ್ನೂ ಜಾಸ್ತಿಯಾದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಅದನ್ನು ಓದಿದಾಗ ನನ್ನ ಕಥೆಯೇ ಅನಿಸಿತು. ಕರಾರು ನಿಲ್ಲಿಸಿದ ಮೇಲೂ ಹಳೆಯ ಸಂಕೋಚ ನನಗೆ ವಾಪಸ್ ಬರಲಿಲ್ಲ.

25 ನಿಮಿಷ ಕೆಲಸ, ಗಂಟೆ ಹೊಡೆದ ಮೇಲೆ ಸ್ವಲ್ಪ ಬಿಡುವು ಅನ್ನುವ ಪೊಮೊಡೊರೊ ಗಡಿಯಾರವನ್ನೂ ನೋಡಿದೆ. ಅದನ್ನು ರೂಪಿಸಿದ ಫ್ರಾನ್ಸೆಸ್ಕೊ ಸಿರಿಲ್ಲೊ ಆಗ ವಿದ್ಯಾರ್ಥಿ, ಓದಲು ಮಾಡಿಕೊಂಡ ಉಪಾಯ. ಓದುವವರಿಗೆ ಸರಿ. ನಮ್ಮ ಕೆಲಸದಲ್ಲಿ ಒಂದು ಆರ್ಕ್‌ನ (ಚಲನೆ ಸಾಗುವ ಬಾಗಿದ ಹಾದಿಯ) ಮಧ್ಯೆ ಗಂಟೆ ಹೊಡೆದರೆ ಕೈಯ ಲಯ ಹೋಗುತ್ತದೆ.

ದಾರಿ ಸಿಕ್ಕಿದ್ದು ಸಂಬಳದ ಕೆಲಸದಲ್ಲಿ. ಅಲ್ಲಿ ನಾನು ಬೇರೆಯವರ ಕೀ ಡ್ರಾಯಿಂಗ್‌ಗಳ (ಚಲನೆಯ ಮುಖ್ಯ ಭಂಗಿಗಳ ಚಿತ್ರಗಳ) ನಡುವಿನ ಚಿತ್ರಗಳನ್ನು ತುಂಬುತ್ತೇನೆ. ದಿನಕ್ಕೆ 30-35. ಅಲ್ಲಿ ಯಾವತ್ತೂ ಎದೆ ಹೊಡೆದುಕೊಂಡಿಲ್ಲ. ಅದೇ ಕೈ, ಅದೇ ಪೆನ್ಸಿಲ್. ಆದರೆ ಅಲ್ಲಿ ಎಲ್ಲವನ್ನೂ ಇನ್ಯಾರೋ ತೀರ್ಮಾನಿಸಿರುತ್ತಾರೆ. ಎಷ್ಟು ಚಿತ್ರ, ಯಾವ ಆರ್ಕ್, ಎಲ್ಲಿ ನಿಧಾನ, ಎಲ್ಲಿ ಬೇಗ. ಮನೆಯಲ್ಲಿ ಪ್ರತಿ ಗೆರೆಗೂ ಪ್ರಶ್ನೆ: ಇದು ಸರಿಯಾ? ಅಪ್ಪ ಹೀಗಾ ತಿರುಗುತ್ತಿದ್ದದ್ದು? ಈ ಶಾಟ್ ಬೇಕಾ? ಬಿಡಿಸಲು ನನಗೆ ಹೆದರಿಕೆ ಇರಲಿಲ್ಲ. ತೀರ್ಮಾನಿಸಲು ಇತ್ತು. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡುತ್ತಿದ್ದರಿಂದ ಎರಡೂ ನಿಂತಿದ್ದವು.

ಅಮೆರಿಕದ ಅನಿಮೇಟರ್ ವಿನ್ಸರ್ ಮೆಕೇ 1914ರಲ್ಲಿ ಡೈನೋಸಾರ್ ಚಿತ್ರ ಮಾಡಿದಾಗ ಮೊದಲು ಮುಖ್ಯ ಭಂಗಿಗಳನ್ನು ಬಿಡಿಸಿ, ನಡುವಿನವನ್ನು ಆಮೇಲೆ ತುಂಬುವ ಕ್ರಮ ಹಿಡಿದರು. ಮುಂದೆ ಸ್ಟುಡಿಯೋಗಳು ಆ ಎರಡು ಕೆಲಸವನ್ನು ಇಬ್ಬರಿಗೆ ಹಂಚಿದವು. ನಾನು ಒಬ್ಬಳೇ. ಹಾಗಾಗಿ ಎರಡು ಬೇರೆ ದಿನಗಳಿಗೆ ಹಂಚಿದೆ.

ವಾರಕ್ಕೆ ಒಂದು ತೀರ್ಮಾನದ ದಿನ. ಅವತ್ತು ಅನಿಮ್ಯಾಟಿಕ್ (ಸ್ಟೋರಿಬೋರ್ಡನ್ನು ಸಮಯಕ್ಕೆ ಜೋಡಿಸಿದ ಕಚ್ಚಾ ವಿಡಿಯೊ) ನೋಡುತ್ತೇನೆ, ಎಕ್ಸ್-ಶೀಟ್ ತುಂಬುತ್ತೇನೆ, ಕೀ ಡ್ರಾಯಿಂಗ್‌ಗಳನ್ನು ಹೆಬ್ಬೆರಳಿನಷ್ಟು ಸಣ್ಣದಾಗಿ ಗೀಚುತ್ತೇನೆ. ದೊಡ್ಡ ಕಾಗದ ಮುಟ್ಟುವುದಿಲ್ಲ. ಆಮೇಲೆ ಚೀಟಿಗಳು. ಒಂದು ಚೀಟಿಗೆ 12ರಿಂದ 15 ಚಿತ್ರ, ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಆಗುವಷ್ಟು. ಕೀ ಚಿತ್ರಗಳೂ ಚೀಟಿಯ ಪ್ರಕಾರವೇ.

ಚೀಟಿಯಲ್ಲಿ ಭಾವದ ಮಾತು ಇರಬಾರದು. ಇದು ಬಹಳ ಮುಖ್ಯ. "ಬೇಸರದಿಂದ ತಿರುಗಬೇಕು" ಅಂತ ಬರೆದರೆ ಮರುದಿನ ಬೆಳಗ್ಗೆ ಮತ್ತೆ ತೀರ್ಮಾನಕ್ಕೆ ಕೂರಬೇಕಾಗುತ್ತದೆ. "ಗಲ್ಲ ಮೊದಲು, 3 ಚಿತ್ರದ ನಂತರ ಕಣ್ಣು, ಭುಜ ಅಲುಗಬಾರದು, ಕೊನೆಯ 4 ಚಿತ್ರ ಹತ್ತಿರ ಹತ್ತಿರ" ಅಂತ ಬರೆದರೆ ಕೈ ತಾನೇ ಹೋಗುತ್ತದೆ. ಬೇಸರ ಏನಿದ್ದರೂ ತೀರ್ಮಾನದ ದಿನವೇ ಅನುಭವಿಸಿ ಮುಗಿಸಿರಬೇಕು. ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ. ಅದೇನು ಅಂತ ಈಗಲೇ ಹೇಳಲ್ಲ, ಮುಂದಿನ ಚಿತ್ರದಲ್ಲೂ ಅದು ಫಲ ಕೊಡಲಿ.

ಬಿಡಿಸುವ ದಿನ ತೀರ್ಮಾನ ಬದಲಿಸುವಂತಿಲ್ಲ. ಹೊಸ ಐಡಿಯಾ ಬಂದರೆ ಚೀಟಿಯ ಹಿಂದೆ ಬರೆದಿಡಬೇಕು. ಅವುಗಳಲ್ಲಿ ಮುಕ್ಕಾಲು ಪಾಲು ತೀರ್ಮಾನದ ದಿನದ ಹೊತ್ತಿಗೆ ಬೇಡವಾಗಿರುತ್ತಿದ್ದವು. ಕಾಗದ ಫ್ಲಿಪ್ ಮಾಡಿ ನೋಡಬಹುದು, ಆದರೆ ಪೆನ್ಸಿಲ್ ಟೆಸ್ಟ್, ಅಂದರೆ ಕಚ್ಚಾ ಚಿತ್ರಗಳನ್ನು ಶೂಟ್ ಮಾಡಿ ಚಲನೆ ನೋಡುವುದು, ಮಾಡುವಂತಿಲ್ಲ. ಅದೂ ವಾರಕ್ಕೊಮ್ಮೆ ಮಾತ್ರ. ಇದಕ್ಕೆ ಗೆಳೆಯರು ಬಹಳ ಜಗಳ ಮಾಡಿದರು. ನೋಡದೆ ಹೇಗೆ ಸರಿಮಾಡ್ತೀಯ ಅಂತ. ವಾರದ 60-70 ಚಿತ್ರಗಳಲ್ಲಿ ಮತ್ತೆ ಬಿಡಿಸಬೇಕಾಗಿ ಬಂದದ್ದು ಹತ್ತು-ಹನ್ನೆರಡು ಇರಬಹುದು. ಮೊದಲು ಸರಿಮಾಡುವುದರಲ್ಲೇ ವಾರ ಹೋಗುತ್ತಿತ್ತು. ನನಗೆ ಈ ಲೆಕ್ಕ ಸಾಕು. ದಿನದ ಕೊನೆಯ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಬರಹಗಾರರಲ್ಲಿ ಈ ರೂಢಿ ಹಳೆಯದು, ನಮಗೂ ಚೆನ್ನಾಗಿ ಒಗ್ಗುತ್ತದೆ. ಬೆಳಗ್ಗೆ ಖಾಲಿ ಕಾಗದ ಎದುರಿಗೆ ಇರುವುದಿಲ್ಲ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಮಾಡುವ ಹಾಗೆ ಒಂದೇ ಕಾಗದದಲ್ಲಿ ಇದ್ದಿಲಿನಿಂದ ಬಿಡಿಸಿ, ಅಳಿಸಿ, ಬದಲಿಸಿ, ಒಂದೊಂದು ಹಂತಕ್ಕೂ ಫೋಟೊ ತೆಗೆಯುವುದು. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಅದರಲ್ಲಿ ಹೆದರಿಕೆ ಎಷ್ಟು ಬೇಗ ಹೋಗುತ್ತದೆ ಅಂದರೆ, ಒಂದು ರಾತ್ರಿಯಲ್ಲಿ ಐದಾರು ಸೆಕೆಂಡು ಆಯಿತು. ನೆನಪು ಅಳಿಸಿ ಹೋಗುವ ಎರಡು ಶಾಟ್‌ಗಳನ್ನು ಹಾಗೇ ಉಳಿಸಿಕೊಂಡೆ. ಅಳಿಸಿದ ಗುರುತು ಕಾಗದದಲ್ಲಿ ಉಳಿಯುತ್ತದಲ್ಲ, ಅದು ಆ ಕಥೆಗೆ ಸರಿಯಾಗಿ ಕೂತಿತು. ಇಡೀ ಚಿತ್ರ ಹಾಗೆ ಮಾಡಲು ನನ್ನ ಶ್ವಾಸಕೋಶ ಒಪ್ಪಲಿಲ್ಲ, ಧೂಳು ಬಹಳ.

ಇನ್ನೊಂದು, ನಿಧಾನದ ಶಾಟ್‌ಗಳಲ್ಲಿ ಮೂರು ಫ್ರೇಮಿಗೆ ಒಂದು ಚಿತ್ರ ಇಟ್ಟು ನೋಡಿದೆ. ಸೆಕೆಂಡಿಗೆ 8. ಅಪ್ಪನ ನಡಿಗೆಗೆ ಅದು 12ಕ್ಕಿಂತ ಚೆನ್ನಾಗಿ ಒಪ್ಪಿತು. ಕೆಲಸ ಉಳಿಸಲು ಮಾಡಿದ್ದಲ್ಲ, ಆದರೆ ಉಳಿಯಿತು. ನಿಂತಿರುವ ಶಾಟ್‌ಗಳೆಲ್ಲ ಸೇರಿ ಒಟ್ಟು ಚಿತ್ರಗಳ ಸಂಖ್ಯೆ 3,600ರ ಆಸುಪಾಸಿಗೆ ಇಳಿಯಿತು. ನಿಂತ ಚಿತ್ರದಲ್ಲಿ ಗೆರೆ ಮಾತ್ರ ಉಸಿರಾಡುವಂತೆ ಮಾಡಲು ಎಷ್ಟು ಕಾಗದ, ಯಾವ ಕ್ರಮ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಕಷ್ಟವಾದ ಶಾಟ್ ವಿಷಯ. ಅಪ್ಪ ಬಾಗಿಲ ಕಡೆ ತಿರುಗುತ್ತಾರೆ, ಬಂದವಳು ಮಗಳು ಅಂತ ಅವರಿಗೆ ಗೊತ್ತಾಗುವುದಿಲ್ಲ. ನಾಲ್ಕು ಸೆಕೆಂಡು. ಇಡೀ ಚಿತ್ರ ಮೂರು ವರ್ಷ ನಿಂತದ್ದೇ ಇದರ ಮುಂದೆ. ಕಷ್ಟದ್ದನ್ನು ಮೊದಲು ಮಾಡು, ಉಳಿದದ್ದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲೇ ಇಟ್ಟರೆ ಅದನ್ನು ದಾಟದೆ ಬೇರೆ ಯಾವುದೂ ಶುರುವಾಗುವುದಿಲ್ಲ. ಕೊನೆಗೆ ಇಟ್ಟರೆ ಅದರ ನೆರಳು ಎಲ್ಲದರ ಮೇಲೆ. ಮೂರು ನಿಮಿಷದಷ್ಟು ಮುಗಿದ ಮೇಲೆ, ಕೈ ಓಡುತ್ತಿದ್ದಾಗ, ಸಾಮಾನ್ಯ ವಾರವೊಂದರ ಮಧ್ಯೆ ಇಟ್ಟೆ. ಅದಕ್ಕೆ ಎರಡು ತೀರ್ಮಾನದ ದಿನ ಬೇಕಾಯಿತು. ರೆಪ್ಪೆ, ಕರಿಗುಡ್ಡೆ, ತುಟಿ, ಗಲ್ಲ, ಯಾವುದು ಯಾವಾಗ ಅಂತ ಎಲ್ಲ ಬರೆದೆ. ಬಿಡಿಸುವಾಗ ಅಳು ಬಂತು. ಕೈ ನಿಲ್ಲಲಿಲ್ಲ. ಮುಂದೇನು ಅಂತ ಚೀಟಿಯಲ್ಲಿತ್ತು. ಚಿತ್ರ ನೋಡಿದವರು ಹೆಚ್ಚು ಮಾತಾಡುವುದು ಆ ನಾಲ್ಕು ಸೆಕೆಂಡಿನ ಬಗ್ಗೆಯೇ. ಅದರಲ್ಲಿ ಜೀವ ಇಲ್ಲ ಅಂತ ಇದುವರೆಗೆ ಯಾರೂ ಹೇಳಿಲ್ಲ.

ದೊಡ್ಡವರು ನಿಧಾನ ಮಾಡುತ್ತಾರೆ, ಅವಸರ ಯಾಕೆ ಅಂತಲೂ ಕೇಳಿದರು. ರಷ್ಯಾದ ಅನಿಮೇಟರ್ ಯೂರಿ ನಾರ್‌ಸ್ಟೈನ್ ಗೊಗೋಲ್ ಕಥೆಯ ಚಿತ್ರವನ್ನು 1981ರಲ್ಲಿ ಶುರು ಮಾಡಿ ದಶಕಗಳ ಕಾಲ ಅದರಲ್ಲೇ ಇದ್ದಾರೆ. ಅವರ ಕೈಗೆ ನನ್ನ ನಮಸ್ಕಾರ. ಆದರೆ ನಾನು ಈ ಚಿತ್ರವನ್ನು ಅಪ್ಪನಿಗೆ ತೋರಿಸಬೇಕಿತ್ತು. ತೋರಿಸಿದೆ. ನಡೆಯುವ ಶಾಟ್ ಬಂದಾಗ "ಇವನ ಮೊಣಕಾಲು ನೋವಿದೆ" ಅಂದರು. ಅವರ ಮೊಣಕಾಲೇ ಅದು.

ಚೀಟಿ ಶುರು ಮಾಡಿದ ಮೇಲೆ ಒಟ್ಟು ಹಿಡಿದದ್ದು ಹದಿನಾಲ್ಕು-ಹದಿನೈದು ತಿಂಗಳು, ಕೆಲಸ ಬಿಡದೆ. ಖರ್ಚು ಕಾಗದ, ಪೆನ್ಸಿಲ್, ಸ್ಕ್ಯಾನಿಂಗ್ ಎಲ್ಲ ಸೇರಿ ಅರ್ಧ ತಿಂಗಳ ಸಂಬಳವೂ ಆಗಲಿಲ್ಲ. ಸೌಂಡಿಗೆ ಮಾತ್ರ ಚೀಟಿ ನಡೆಯಲಿಲ್ಲ. ಕಿವಿ ಕೇಳುತ್ತಲೇ ತೀರ್ಮಾನ ಮಾಡುತ್ತದೆ, ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಒಂದೂವರೆ ತಿಂಗಳ ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸಿದೆ, ಚೆನ್ನಾಗಿ ಮಾಡಿಕೊಟ್ಟರು. ಮುಂದಿನ ಚಿತ್ರಕ್ಕೆ ಸೌಂಡ್ ಮೊದಲೇ ಮಾಡಿಸಿ, ಅದರ ಮೇಲೆ ಎಕ್ಸ್-ಶೀಟ್ ತುಂಬುತ್ತಿದ್ದೇನೆ. ಅದು ಹನ್ನೊಂದು ನಿಮಿಷದ್ದು. ಮೊದಲ ಎರಡು ವಾರದ ಚೀಟಿ ಸಿದ್ಧವಾಗಿದೆ.